‘ಇನ್ನೂ ಗೊತ್ತಿಲ್ಲ’ ಅನ್ನೋದನ್ನ ಡಾಕ್ಟರಿಗೆ ಕಲಿಸೋರು ಯಾರು?

ಮನುಷ್ಯನ ಜೀನೋಮ್ ಅಂದರೆ ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ. 2003ರಲ್ಲಿ ಅದನ್ನು ಓದಿ ಮುಗಿಸಿದೆವು ಅಂತ ಜಗತ್ತು ಸಂಭ್ರಮಿಸಿತು. ಆದರೆ ಓದೋದು ಬೇರೆ, ಅರ್ಥ ಆಗೋದು ಬೇರೆ. ಈ ಅಂತರ ಈಗ ಸ್ಪೆಷಲಿಸ್ಟ್ ಡಾಕ್ಟರ ಮೇಜಿನ ಮೇಲೇ ಬಂದು ಕೂತಿದೆ.

ಬಿಆರ್‌ಸಿಎ ಜೀನ್‌ಗಳನ್ನೇ ತಗೊಳ್ಳಿ. ಅವುಗಳಲ್ಲಿ ಹಾನಿಕಾರಕ ಬದಲಾವಣೆ ಇದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಬಹಳ ಹೆಚ್ಚು. ಆಗ ಮುಂದೇನು ಅನ್ನೋದಕ್ಕೆ ದಾರಿಯಿದೆ. ಕಷ್ಟ ಇರೋದು ಮಧ್ಯದ ಉತ್ತರದಲ್ಲಿ: ಬದಲಾವಣೆ ಕಂಡಿದೆ, ಅದರ ಅರ್ಥ ಅನಿಶ್ಚಿತ. ನಮ್ಮವರಿಗೆ ಈ ಉತ್ತರ ಹೆಚ್ಚಾಗಿ ಸಿಗುತ್ತದೆ. ಯಾಕೆಂದರೆ ಹೋಲಿಸಿ ನೋಡೋಕೆ ಇರುವ ಮಾಹಿತಿಯಲ್ಲಿ ಬಹುಪಾಲು ಯುರೋಪ್ ಮೂಲದವರದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಲು ಹೊರಟಿದ್ದು ಇಂಥ ಕೊರತೆ ತುಂಬೋದಕ್ಕೇ.

ಅಲ್ಲೀವರೆಗೆ? ವರ್ಷಗಟ್ಟಲೆ ಓದಿ ‘ಗೊತ್ತು’ ಅನ್ನೋದಕ್ಕೇ ಗೌರವ ಪಡೆದವರು ನಮ್ಮ ತಜ್ಞರು. ಎದುರಿಗೆ ಸಾಲ ಮಾಡಿ ಟೆಸ್ಟ್ ಮಾಡಿಸಿದ ಹೆಂಗಸು. ‘ಯಾಕೆ ರಿಸ್ಕು, ಆಪರೇಷನ್ ಮಾಡಿಬಿಡೋಣ’ ಅನ್ನೋದು ಸುಲಭ. ‘ಏನೂ ಇಲ್ಲಮ್ಮ, ಹೋಗಿ’ ಅನ್ನೋದು ಇನ್ನೂ ಸುಲಭ. ನನ್ನ ಲೆಕ್ಕದಲ್ಲಿ ಎರಡೂ ಸುಳ್ಳೇ. ಅನಿಶ್ಚಿತ ಬದಲಾವಣೆಯೊಂದನ್ನೇ ನಂಬಿ ಶಸ್ತ್ರಚಿಕಿತ್ಸೆ ತೀರ್ಮಾನಿಸಬಾರದು ಅನ್ನುತ್ತವೆ ಮಾರ್ಗಸೂಚಿಗಳು. ಮನೆತನದ ಕಾಯಿಲೆಗಳ ಇತಿಹಾಸ ನೋಡಿ ಅಂತಲೂ ಹೇಳುತ್ತವೆ. ಮುಂದೆ ಅರ್ಥ ತಿಳಿದಾಗ ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ನಿರಪಾಯ ಅಂತಲೇ ಗೊತ್ತಾಗುತ್ತವೆ.

ಹಾಗಾದರೆ ನಿಜ ಹೇಳಿ ಆಕೆಯನ್ನು ಆತಂಕದಲ್ಲಿ ಬಿಡೋದು ಕ್ರೌರ್ಯ ಅಲ್ವಾ ಅಂತ ನೀವು ಕೇಳಬಹುದು. ‘ಗೊತ್ತಿಲ್ಲ’ ಅಂತ ಕೈತೊಳೆದುಕೊಂಡರೆ ಖಂಡಿತ ಕ್ರೌರ್ಯವೇ. ‘ಇನ್ನೂ ಗೊತ್ತಿಲ್ಲ’ ಅನ್ನೋದು ಬೇರೆ ಮಾತು. ಆ ‘ಇನ್ನೂ’ ಒಂದು ಸಾಲ, ತೀರಿಸಬೇಕಾದವರು ಹೇಳಿದವರೇ. ಹೀಗೂ ಉತ್ತರ ಬರಬಹುದು ಅಂತ ರಕ್ತ ತೆಗೆಯೋ ಮುಂಚೆಯೇ ತಿಳಿಸಬೇಕು. ಎರಡು ವರ್ಷದ ಮೇಲೆ ಅರ್ಥ ಬದಲಾದರೆ ಆಕೆಗೆ ಫೋನ್ ಮಾಡೋರು ಯಾರು ಅನ್ನೋದು ಅವತ್ತೇ ನಿಗದಿಯಾಗಬೇಕು.

ತಜ್ಞರಿಗೆ ಜೀನೋಮಿಕ್ಸ್ ಕಲಿಸುವ ಕೋರ್ಸುಗಳಲ್ಲಿ ರಿಪೋರ್ಟ್ ಓದೋದನ್ನ ಕಲಿಸಲಿ, ಬೇಕೇ ಬೇಕು. ಆದರೆ ಪರೀಕ್ಷೆಯಲ್ಲಿ ನಾನಾದರೆ ಒಂದೇ ಪ್ರಶ್ನೆ ಕೇಳ್ತೀನಿ: ಉತ್ತರವೇ ಇಲ್ಲದ ರಿಪೋರ್ಟನ್ನು ಈ ತಾಯಿಗೆ ಹೇಗೆ ಹೇಳ್ತೀರಿ?