ಡಿಸೆಂಬರ್ 22ರ ಬೆಳಗು

ಹೊರನಾಡಿನ ನಮ್ಮ ಸಂಘಗಳಲ್ಲಿ ಸಂಕ್ರಾಂತಿ ಬರುವುದು ಎಷ್ಟೋ ಸಲ ಜನವರಿ 14ಕ್ಕೂ ಅಲ್ಲ, 15ಕ್ಕೂ ಅಲ್ಲ. ಸಭಾಂಗಣ ಸಿಗುವ ಭಾನುವಾರಕ್ಕೆ. ಎಳ್ಳುಬೆಲ್ಲದ ಪೊಟ್ಟಣ, ಮಕ್ಕಳ ವೇಷ, ಅಧ್ಯಕ್ಷರ ಭಾಷಣ, ಬಿಸಿಬೇಳೆಭಾತು ಎಲ್ಲವೂ ಅಂದೇ. ಸೂರ್ಯನು ಮಕರ ರಾಶಿಯನ್ನು ಹೊಕ್ಕು ಒಂದು ವಾರವಾಯಿತಲ್ಲ ಎಂದು ಯಾರೂ ಆಕ್ಷೇಪಿಸಿದ್ದನ್ನು ನಾವು ಕಂಡಿಲ್ಲ. ಇದನ್ನು ಹೇಳಿದ್ದು ದೂರುವುದಕ್ಕಲ್ಲ, ನಾವೂ ಆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರೇ. ಹಬ್ಬಕ್ಕೆ ಜನ ಬೇಕು, ಜನಕ್ಕೆ ರಜ ಬೇಕು. ಆದರೆ ಹೀಗೆ ಅನುಕೂಲಕ್ಕೆ ತಕ್ಕಂತೆ ಜರುಗಿಸಬಹುದಾದ ದಿನವೊಂದಕ್ಕೆ ಒಬ್ಬರ ಸದ್ಗತಿಯನ್ನೇ ಗಂಟುಹಾಕಬಹುದೆ ಎಂಬ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮಗೆ ಎದುರಾಯಿತು. ಅದರೊಡನೆ ಗುದ್ದಾಡುತ್ತಲೇ ನಮ್ಮ ಮನೆಯಲ್ಲಿ ಡಿಸೆಂಬರ್ 22ರ ಬೆಳಗಿನ ಒಂದು ಪುಟ್ಟ ಆಚಾರ ಹುಟ್ಟಿಕೊಂಡಿತು.

ಮೂಲ ವಿಷಯ ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿರುವುದರಿಂದ ಸೂರ್ಯನು ಆರು ತಿಂಗಳು ಉತ್ತರಕ್ಕೂ ಆರು ತಿಂಗಳು ದಕ್ಷಿಣಕ್ಕೂ ಸರಿದಂತೆ ಕಾಣುತ್ತಾನೆ. ದಕ್ಷಿಣದ ಕೊನೆಯನ್ನು ಮುಟ್ಟಿ ಅವನು ಹಿಂದಿರುಗುವುದು ಡಿಸೆಂಬರ್ 21ಕ್ಕೆ ಅಥವಾ 22ಕ್ಕೆ. ಉತ್ತರಾಯಣವೆಂದರೆ ಉತ್ತರದ ಕಡೆಗಿನ ನಡೆ. ಆ ನಡೆ ಅಂದೇ ಶುರು. ಮಕರ ಸಂಕ್ರಾಂತಿಯದು ನಕ್ಷತ್ರಗಳ ಲೆಕ್ಕ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಕೂಡಿ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ತಲೆದೂಗುವ ಕಾರಣ 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಹಿಂದೆ ಬಿದ್ದು, ಈಗ ಅಂತರ ಮೂರು ವಾರವನ್ನೂ ಮೀರಿದೆ. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಇದನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸದ ಮೊದಲ ದಿನ ಡಿಸೆಂಬರ್ 22. ಭಾರತ ಸರ್ಕಾರದ ಗೆಜೆಟ್ಟಿನಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕದಲ್ಲೇ ಈ ಶಕ ತಾರೀಖೂ ಅಚ್ಚಾಗುತ್ತದೆ. ನಮ್ಮಂಥ ಗುಮಾಸ್ತರ ಕೈಯಲ್ಲಿ ಅದೆಷ್ಟು ಗೆಜೆಟ್ಟುಗಳು ಹಾದುಹೋಗಿವೆಯೋ, ಆ ಎರಡನೆಯ ತಾರೀಖನ್ನು ಕಣ್ಣೆತ್ತಿ ನೋಡಿದವರು ಕಡಮೆ.

ಊರಿನಲ್ಲಿದ್ದಷ್ಟು ದಿನ ಈ ವಿಚಾರ ನಮ್ಮ ಮೈಗೆ ತಟ್ಟಿರಲಿಲ್ಲ. ಬೆಂಗಳೂರಿನ ಕಡೆ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ದೆಹಲಿಯಲ್ಲಿ ಅದು ಮೂರೂವರೆ ಗಂಟೆಯನ್ನು ಮೀರುತ್ತದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲೆಂಬುದು ಹತ್ತು ಗಂಟೆ ಇಪ್ಪತ್ತು ನಿಮಿಷ. ಕತ್ತಲಲ್ಲಿ ಎದ್ದು, ಕಚೇರಿ ಸೇರಿ, ಕತ್ತಲಲ್ಲಿ ಮನೆಗೆ ಬರುವವನಿಗೆ ಸೂರ್ಯನೆಂದರೆ ಊಟದ ವಿರಾಮದಲ್ಲಿ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುವ ಅರ್ಧ ಗಂಟೆ. ಹಿಂದಿನವರು ಉತ್ತರಾಯಣಕ್ಕೆ ಏಕೆ ಹಾತೊರೆದರು ಎಂಬುದು ನಮಗೆ ಅರ್ಥವಾದದ್ದು ಇಲ್ಲಿಗೆ ಬಂದಮೇಲೆಯೇ.

2022ರ ಚಳಿಗಾಲದಲ್ಲಿ ನಮ್ಮ ತಾಯಿಯವರು ನಮ್ಮ ಜೊತೆ ಆರ್.ಕೆ. ಪುರದ ಕ್ವಾರ್ಟರ್ಸಿನಲ್ಲಿದ್ದರು. ಅರಸೀಕೆರೆಯ ಕಡೆಯವರು, ಧನುರ್ಮಾಸವೆಂದರೆ ಇನ್ನೂ ನಕ್ಷತ್ರ ಕಾಣುವಾಗಲೇ ಎದ್ದು, ಹುಗ್ಗಿ ನೈವೇದ್ಯ ಮುಗಿಸಿ, ಬೆಳಗಾದೊಡನೆ ಸೂರ್ಯನಿಗೆ ತಾಮ್ರದ ಚೊಂಬಿನಿಂದ ನೀರು ಬಿಟ್ಟವರು. ಆ ವರ್ಷ ಏಳುವ ಹಾಗಿರಲಿಲ್ಲ. ಉಸಿರಾಟದ ತೊಂದರೆ, ರಾತ್ರಿಯಿಡೀ ದಿಂಬಿಗೊರಗಿ ಕೂತಿರುವುದು. ನಾಲ್ಕು ಗಂಟೆಯಿಂದಲೇ ಶುರು: "ಬೆಳಗಾಯ್ತೇನೋ?" ಐದಕ್ಕೆ ಮತ್ತೆ, ಆರಕ್ಕೆ ಮತ್ತೆ. ಬೆಳಕು ಬಂದರೆ ಉಸಿರೂ ಸಲೀಸಾಗುತ್ತದೆಂದು ಅವರ ನಂಬಿಕೆ. ಇರಬಹುದು, ರಾತ್ರಿಯ ಸಂಕಟ ಹಗಲಿನ ಸಂಕಟಕ್ಕಿಂತ ದೊಡ್ಡದು.

ಆ ವರ್ಷ ಅಯನ ತಿರುಗಿದ್ದು ಡಿಸೆಂಬರ್ 22ರ ನಸುಕಿನ ಮೂರೂ ಕಾಲು ಗಂಟೆ ದಾಟಿದಮೇಲೆ. ಅವರು ಕೇಳಿದಾಗ ನಾವು ದೊಡ್ಡ ವಿಜ್ಞಾನಿಯಂತೆ ಹೇಳಿದೆವು: "ಇವತ್ತಿಂದ ಹಗಲು ಬೆಳೆಯುತ್ತಮ್ಮ. ಇನ್ನು ದಿನದಿನಕ್ಕೂ ಬೆಳಕು ಜಾಸ್ತಿ." ಅವರ ಮುಖ ಅರಳಿತು. ಸೊಸೆಯನ್ನು ಕರೆದು, "ಕೇಳಿದೆಯೇನಮ್ಮ, ನಿನ್ನ ಗಂಡ ಏನಂತಾನೆ" ಎಂದರು. ಅಂದು ಗಂಜಿಯನ್ನೂ ಎರಡು ಚಮಚ ಹೆಚ್ಚಿಗೆ ಕುಡಿದರು.

ಇಲ್ಲಿ ಒಂದು ಸಂಗತಿಯನ್ನು ವಿವರಿಸಬೇಕು. ಹಗಲು ಬೆಳೆಯುವುದೇನೋ ಅಂದಿನಿಂದಲೇ ನಿಜ. ಆದರೆ ಅದು ಬೆಳೆಯುವುದು ಸಂಜೆಯ ಕಡೆಗೆ, ಬೆಳಗಿನ ಕಡೆಗಲ್ಲ. ಜನವರಿಯ ಮೊದಲ ವಾರದ ಸುಮಾರಿಗೆ ಭೂಮಿಯು ಸೂರ್ಯನಿಗೆ ಅತಿ ಹತ್ತಿರವಿದ್ದು ತನ್ನ ಹಾದಿಯಲ್ಲಿ ಅತಿ ವೇಗವಾಗಿ ಓಡುತ್ತದೆ. ಅಕ್ಷದ ಓರೆಯೂ ಅದರ ಜೊತೆ ಸೇರಿ, ಆ ದಿನಗಳಲ್ಲಿ ಸೂರ್ಯನ ನಡುಹಗಲು ಗಡಿಯಾರಕ್ಕಿಂತ ದಿನಕ್ಕೆ ಅರ್ಧ ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಅದರಿಂದ ದೆಹಲಿಯಲ್ಲಿ ಡಿಸೆಂಬರ್ 22ರಂದು 7 ಗಂಟೆ 10 ನಿಮಿಷಕ್ಕೆ ಹುಟ್ಟಿದ ಸೂರ್ಯ ಜನವರಿ 10ರ ಹೊತ್ತಿಗೆ ಹುಟ್ಟುವುದು 7 ಗಂಟೆ 15ಕ್ಕೆ. ಸಂಜೆ ಮಾತ್ರ ಹದಿಮೂರು ನಿಮಿಷದಷ್ಟು ಉದ್ದವಾಗಿರುತ್ತದೆ. ತಾಯಿಯವರ ಕೋಣೆಗಿದ್ದ ಒಂದೇ ಕಿಟಕಿ ಪೂರ್ವಕ್ಕೆ. ಸಂಜೆಯ ಲಾಭ ಅವರ ಪಾಲಿಗೆ ಬರಲೇ ಇಲ್ಲ. ಬೆಳಗಿನ ಕತ್ತಲೆ ಕರಗುವ ಬದಲು ಬೆಳೆಯಿತು, ಮೇಲೆ ಮಂಜು ಬೇರೆ. ಹೊಸ ವರ್ಷ ಕಳೆದು ನಾಲ್ಕಾರು ದಿನಕ್ಕೆ ಅವರು ಕೇಳಿದರು: "ಬೆಳಕು ಜಾಸ್ತಿಯಾಗುತ್ತೆ ಅಂದೆಯಲ್ಲೋ, ಏಳು ಗಂಟೆಯಾದರೂ ಕಿಟಕಿ ಕಪ್ಪಗೇ ಇದೆಯಲ್ಲ?"

ಅವರಿಗೆ ಭೂಮಿಯ ಹಾದಿಯ ವಿಚಾರ ವಿವರಿಸುವ ಧೈರ್ಯ ನಮಗಾಗಲಿಲ್ಲ. "ಮಂಜಮ್ಮ" ಎಂದೆವು. ಡಿಸೆಂಬರಿನಲ್ಲಿ ಹೇಳಿದ್ದು ಲೆಕ್ಕಕ್ಕೆ ನಿಜ, ಆದರೆ ಕೇಳಿದವರ ಪಾಲಿಗೆ ಸುಳ್ಳಾಯಿತು. ಜನವರಿಯಲ್ಲಿ ಹೇಳಿದ್ದು ಅರ್ಧ ಸುಳ್ಳು, ಅದರಿಂದ ಅವರು ಸಮಾಧಾನಗೊಂಡರು. ಇವೆರಡರಲ್ಲಿ ಯಾವುದು ನಮ್ಮ ತಪ್ಪು ಎಂದು ಇಂದಿಗೂ ನಮಗೆ ನಿರ್ಧರಿಸಲಾಗಿಲ್ಲ. ಹಾಸಿಗೆ ಹಿಡಿದವರಿಗೆ ಸಮಾಧಾನ ಹೇಳುವವನು ತನ್ನ ಮಾತು ನಿಜವೇ ಎಂದು ನೋಡಿಕೊಂಡರಷ್ಟೇ ಸಾಲದು, ಅದು ಅವರ ಕಿಟಕಿಗೆ ಯಾವಾಗ ತಲಪುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕಿತ್ತು.

ಜನವರಿ 8ರಂದು ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಕನಿಷ್ಠ ಉಷ್ಣಾಂಶ 1.9 ಡಿಗ್ರಿಗೆ ಇಳಿಯಿತು. 11ರ ಮುಂಜಾನೆ ತಾಯಿಯವರು ತೀರಿಕೊಂಡರು. ಆ ವರ್ಷ ಸಂಕ್ರಾಂತಿ 15ಕ್ಕೆ. ಸಂಜೆ ಊರಿನಿಂದ ಸೋದರಮಾವನವರು ಫೋನಿನಲ್ಲಿ ಅತ್ತು, ಕೊನೆಗೆ ಹೇಳಿದರು: "ಇನ್ನು ನಾಲ್ಕು ದಿನ ತಡೆದಿದ್ದರೆ ಉತ್ತರಾಯಣ ಪುಣ್ಯಕಾಲ ಸಿಗ್ತಿತ್ತಲ್ಲಪ್ಪ ಅಕ್ಕನಿಗೆ."

"ಮಾವ, ಉತ್ತರಾಯಣ ಬಂದು ಇಪ್ಪತ್ತು ದಿನವಾಯಿತು" ಎಂಬ ಮಾತು ನಾಲಗೆಯ ತುದಿಗೆ ಬಂತು. ಸಹಾ ಸಮಿತಿ, ಗೆಜೆಟ್ಟು, ಎಲ್ಲ ಪುರಾವೆ ನಮ್ಮ ಹತ್ತಿರವಿತ್ತು. ಹೇಳಲಿಲ್ಲ. ಮೊದಲು ಅದು ಹಿರಿಯರ ಮೇಲಿನ ಗೌರವದಿಂದ ಎಂದುಕೊಂಡೆವು. ಆಮೇಲೆ ಯೋಚಿಸಿದಾಗ ಕಾರಣ ಬೇರೆಯೆಂದು ತಿಳಿಯಿತು. ಆ ಮಾತನ್ನು ಹೇಳಿದರೆ ಅದರ ಅರ್ಥವೇನಾಗುತ್ತಿತ್ತು? ಉತ್ತರಾಯಣದಲ್ಲಿ ಸತ್ತರೆ ಒಳ್ಳೆಯದು ಎಂಬುದನ್ನು ನಾವೂ ಒಪ್ಪಿದಂತಾಗುತ್ತಿತ್ತು. ಜಗಳ ಬರೀ ತಾರೀಖಿನದು. ಹಾಗೆ ನೋಡಿದರೆ ಒಳಗೊಳಗೇ ನಾವು ಒಪ್ಪಿದ್ದೆವು. ಆ ರಾತ್ರಿ ನಮ್ಮನ್ನು ಮಲಗಿಸಿದ್ದು ಆ ಇಪ್ಪತ್ತು ದಿನಗಳ ಲೆಕ್ಕವೇ. ಮಾವನವರ ನಂಬಿಕೆಯನ್ನು ಮನಸ್ಸಿನಲ್ಲೇ ಹಗುರ ಮಾಡುತ್ತಿದ್ದ ಬಿ.ಎಸ್ಸಿ. ಪದವೀಧರರು ಅದೇ ನಂಬಿಕೆಯಿಂದ ಪುಣ್ಯವನ್ನು ಕಡ ತಂದು, ಅದರ ಮೇಲೆ ವಿಜ್ಞಾನದ ಮೊಹರು ಒತ್ತಿಕೊಂಡಿದ್ದೆವು. ಭೂಮಿಯ ಓರೆಗೆ ಅರಸೀಕೆರೆಯ ಒಬ್ಬ ವೃದ್ಧೆಯ ಗತಿಯನ್ನು ನಿರ್ಣಯಿಸುವ ಅಧಿಕಾರ ಡಿಸೆಂಬರಿನಲ್ಲೂ ಇಲ್ಲ, ಜನವರಿಯಲ್ಲೂ ಇಲ್ಲ.

ಎಲ್ಲರಿಗೂ ನೆನಪಾಗುವುದು ಭೀಷ್ಮರು. ಬಾಣದ ಹಾಸಿಗೆಯ ಮೇಲೆ 58 ರಾತ್ರಿ ಕಾದವರು. ಗೀತೆಯ ಎಂಟನೆಯ ಅಧ್ಯಾಯವೂ ಉತ್ತರಾಯಣದ ದಾರಿಯನ್ನು ಹೊಗಳುತ್ತದೆ. ಆದರೆ ಶಂಕರಾಚಾರ್ಯರು ಬ್ರಹ್ಮಸೂತ್ರದ ಭಾಷ್ಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಜ್ಞಾನಿಯಾದವನು ದಕ್ಷಿಣಾಯನದಲ್ಲಿ ತೀರಿಕೊಂಡರೂ ಅವನ ಫಲಕ್ಕೆ ಚ್ಯುತಿಯಿಲ್ಲ. ಭೀಷ್ಮರು ಕಾದದ್ದು ಲೋಕದ ಆಚಾರವನ್ನು ಪಾಲಿಸುವುದಕ್ಕೆ ಮತ್ತು ತಂದೆಯ ವರದಿಂದ ಬಂದ ಇಚ್ಛಾಮರಣವನ್ನು ತೋರುವುದಕ್ಕೆ ಎಂಬುದು ಅವರ ಅಭಿಪ್ರಾಯ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹೀಗೆ ಬರೆದದ್ದನ್ನು ಓದಿ ನಮಗೆ ಎಷ್ಟೋ ಸಮಾಧಾನವಾಯಿತು. ನಮ್ಮ ತಾಯಿಯವರು ಆ ಅರ್ಥದಲ್ಲಿ ಜ್ಞಾನಿಗಳೋ ಅಲ್ಲವೋ ಹೇಳಲು ನಾವು ಯಾರು? ಆದರೆ ಆಚಾರ ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಫಲ ಬಿಟ್ಟರೂ ಆಚಾರಕ್ಕೆ ಬೇರೆ ಬೆಲೆಯಿದೆ ಎಂದಾಯಿತಲ್ಲ.

ಮುಂದಿನ ಡಿಸೆಂಬರ್ 22ಕ್ಕೆ ಬೆಳಗ್ಗೆ ಆರೂವರೆಗೇ ಎಚ್ಚರವಾಯಿತು. ಯಾರೂ ಕರೆದಿರಲಿಲ್ಲ. ಚೊಂಬಿನಲ್ಲಿ ನೀರು ತುಂಬಿಕೊಂಡು ತಾರಸಿಗೆ ಹೋದೆವು. ಹಿಂದೆಯೇ ಮನೆಯಾಕೆ ಕಾಫಿ ಹಿಡಿದು ಬಂದರು, ಮಗಳು ಶಾಲು ಹೊದ್ದು ಬಂದಳು. ಸೂರ್ಯ ಪೂರ್ವಕ್ಕಿಂತ ಇಪ್ಪತ್ತೇಳು ಡಿಗ್ರಿಯಷ್ಟು ದಕ್ಷಿಣಕ್ಕೆ, ನೀರಿನ ತೊಟ್ಟಿಯ ಕಂಬಗಳ ನಡುವೆ ಕೆಂಪಗೆ ಎದ್ದ. ನೀರು ಬಿಟ್ಟೆವು. ಅವನು ಕಂಡ ಜಾಗದ ನೇರಕ್ಕೆ ಮೋಟುಗೋಡೆಯ ಮೇಲೆ ಇಟ್ಟಿಗೆಯ ಚೂರಿನಿಂದ ಒಂದು ಗೆರೆ ಎಳೆದೆವು. ಅಷ್ಟೇ ಆಚಾರ. ಮಂತ್ರವಿಲ್ಲ, ಸಿಹಿಯಿಲ್ಲ. ಗಳಿಗೆ 21ಕ್ಕೆ ಬಂದ ವರ್ಷವೂ ನಾವು 22ನ್ನೇ ಹಿಡಿದುಕೊಂಡಿದ್ದೇವೆ, ಗೆಜೆಟ್ಟಿನ ಮರ್ಯಾದೆಗೆ. ಭಾನುವಾರದ ಸಂಕ್ರಾಂತಿಯನ್ನು ಹಾಸ್ಯ ಮಾಡಿದವರ ಅನುಕೂಲ ಇದು.

ಗೆರೆ ನೋಡಲು ಮಗಳು ಮರುದಿನವೂ, ಅದರ ಮರುದಿನವೂ ಮೇಲೆ ಹೋದಳು. "ಅಪ್ಪಾ, ಅಲ್ಲೇ ಇದ್ದಾನಲ್ಲ?" ಎಂದಳು. ಅಲ್ಲೇ ಇರುತ್ತಾನೆ. ಅಯನದ ಹಿಂದು ಮುಂದು ಐದು ದಿನ ಸೂರ್ಯ ತನ್ನ ಬಿಂಬದ ಕಾಲು ಭಾಗದಷ್ಟೂ ಸರಿಯುವುದಿಲ್ಲ. ತಿರುಗಿದ್ದು ಕಣ್ಣಿಗೆ ಕಾಣುವಂಥದಲ್ಲ, ಲೆಕ್ಕಕ್ಕೆ ಮಾತ್ರ ಸಿಗುವಂಥದು. ಆಕೆ ಇನ್ನೊಂದು ಪ್ರಶ್ನೆ ಕೇಳಿದಳು: ಬೇರೆ ಯಾರೂ ಮಾಡದಿದ್ದರೆ ಇದು ಹಬ್ಬ ಹೇಗಾಗುತ್ತೆ? ಹಬ್ಬವಲ್ಲ ಎಂದೇ ನಾವು ಹೇಳಿದೆವು. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ. ಸಾವಿರಾರು ಜನ ಕೈಮುಗಿಯುತ್ತಾರೆ. ಹೋಗುವಾಗಲೂ ಬರುವಾಗಲೂ ಸೂರ್ಯನ ದಾರಿ ಒಂದೇ ಆದುದರಿಂದ ನವೆಂಬರ್ ಕೊನೆಯ ಸಂಜೆಗಳಲ್ಲೂ ಅದೇ ಕಿರಣ ಅದೇ ಲಿಂಗವನ್ನು ಮುಟ್ಟುತ್ತದೆ. ಜಾತ್ರೆ ಸೇರುವುದು ಜನವರಿಯಲ್ಲಿ. ಬೆಳಕು ಒಂದೇ, ಆದರೆ ಒಂದು ಹೋಗುವ ಬೆಳಕು, ಇನ್ನೊಂದು ಬರುವ ಬೆಳಕು. ಜನ ತಪ್ಪು ಮಾಡಿಲ್ಲ. ಬರುತ್ತಿದೆ ಎಂಬುದು ಮೈಗೆ ಗೊತ್ತಾಗುವ ಹೊತ್ತಿಗೆ, ನಾಲ್ಕು ಜನ ಕೂಡಿ ಎಳ್ಳು ಹಂಚುವುದೇ ಸರಿ. ಕಾಣದಿರುವಾಗ ಎದ್ದು ನಿಲ್ಲುವುದಕ್ಕೆ ಜನ ಸೇರಬೇಕಾಗಿಲ್ಲ.

ಮನೆಯಾಕೆಗೆ ಮಾತ್ರ ಒಂದು ಅನುಮಾನ: "ಇವತ್ತು ನಾವು ಮಾಡಿಕೊಂಡದ್ದು, ನಾಳೆ ನಿಮ್ಮ ಮೊಮ್ಮಕ್ಕಳಿಗೆ ಇದೂ ಒಂದು ಮಡಿಯಾಗುತ್ತೆ ನೋಡಿ. ಇಟ್ಟಿಗೆ ಚೂರು ಎಡಗೈಯಲ್ಲಿ ಹಿಡಿಯಬಾರದು ಅಂತ ಜಗಳ ಆಡ್ತಾರೆ." ಆಗಬಹುದು. ಆಗ ಅವರಲ್ಲಿ ಒಬ್ಬರಿಗಾದರೂ ಬಿಡುವ ಧೈರ್ಯ ಬರಲಿ.

ಮಾವನವರು ಪ್ರತಿ ವರ್ಷ ಸಂಕ್ರಾಂತಿಗೆ ಫೋನು ಮಾಡುತ್ತಾರೆ. ಅಕ್ಕನ ವಿಚಾರ ಬರುತ್ತದೆ, ನಾಲ್ಕು ದಿನದ ವಿಚಾರವೂ ಬರುತ್ತದೆ. ನಾವು "ಹೌದು ಮಾವ" ಎನ್ನುತ್ತೇವೆ. ತಾರಸಿಯ ವಿಚಾರ ಅವರಿಗೆ ಹೇಳಿಲ್ಲ.

ಒಂದು ವರ್ಷ ಮಂಜು ದಟ್ಟವಾಗಿ ನೀರಿನ ತೊಟ್ಟಿಯೇ ಕಾಣಲಿಲ್ಲ. ಏಳೂವರೆಯಾಯಿತು. ಕೆಳಗಿನ ಮನೆಯ ಪಂಜಾಬಿ ಅಜ್ಜಿ ಮೆಟ್ಟಿಲ ಬಳಿ ಸಿಕ್ಕಿ, ಈ ಚಳಿ ಯಾವಾಗ ಬಿಡುತ್ತದಪ್ಪ ಎಂದು ಕೇಳಿದರು. ಇನ್ನೂ ಮೂರು ವಾರ ಹೆಚ್ಚುತ್ತದೆ, ಮಾಜಿ, ಸ್ವೆಟರು ತೆಗೆಯಬೇಡಿ ಎಂದೆವು. ಮಗಳು ಅಂದಾಜಿನ ಮೇಲೆ ಗೆರೆ ಎಳೆಯಲೇ ಎಂದು ಕೇಳಿದ್ದಳು, ಬೇಡವೆಂದಿದ್ದೆವು. ಆ ವರ್ಷದ ಜಾಗ ಮೋಟುಗೋಡೆಯ ಮೇಲೆ ಖಾಲಿಯೇ ಇದೆ.