ಪಾನನಿಷೇಧವೂ ಪ್ರಜಾರೋಗ್ಯವೂ

ಸುರಾಪಾನವನ್ನು ನಮ್ಮ ಧರ್ಮಶಾಸ್ತ್ರಕಾರರು ಮಹಾಪಾತಕಗಳಲ್ಲಿ ಎಣಿಸಿರುವರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ, ಈಗ ವಿಶ್ರಾಂತನಾಗಿರುವ ಈ ಲೇಖಕನು ಆ ಪದಾರ್ಥವನ್ನು ಮುಟ್ಟಿದವನಲ್ಲ. ಪ್ರತಿವರ್ಷವೂ ಗಾಂಧೀ ಜಯಂತಿಯಂದು ಪಾನನಿಷೇಧದ ಪರವಾಗಿ ಉಪನ್ಯಾಸ ಮಾಡಿದವನು. ಆದಕಾರಣ ಮುಂದಿನ ಮಾತುಗಳನ್ನು ಕುಡುಕರ ಪರವಾದ ವಕಾಲತ್ತೆಂದು ಭಾವಿಸಬಾರದಾಗಿ ಪ್ರಾರ್ಥನೆ. ನನ್ನನ್ನು ಕೆಲವು ವರ್ಷಗಳಿಂದ ಬಾಧಿಸುತ್ತಿರುವ ಪ್ರಶ್ನೆ ಬೇರೆಯಾಗಿದೆ. ಪ್ರಜೆಯ ಹಿತಕ್ಕಾಗಿಯೇ ಒಂದು ವಸ್ತುವನ್ನು ನಿಷೇಧಿಸಿದ ರಾಜ್ಯವು, ಆ ನಿಷೇಧವನ್ನು ನಡೆಸುವ ರೀತಿಯಿಂದಲೇ ಹುಟ್ಟಿದ ಅಹಿತಕ್ಕೆ ಹೊಣೆಯಾಗುವುದೋ ಇಲ್ಲವೋ?

ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ಜನರ ಪೌಷ್ಟಿಕತೆ, ಜೀವನಮಟ್ಟ, ಆರೋಗ್ಯ ಇವುಗಳ ಅಭಿವೃದ್ಧಿಯನ್ನು ರಾಜ್ಯದ ಮುಖ್ಯ ಕರ್ತವ್ಯಗಳಲ್ಲಿ ಸೇರಿಸಿ, ವಿಶೇಷವಾಗಿ ಮಾದಕ ಪಾನೀಯಗಳ ನಿಷೇಧಕ್ಕೆ ಯತ್ನಿಸತಕ್ಕುದೆಂದು ಹೇಳುತ್ತದೆ. ಔಷಧಕ್ಕೆ ಬೇಕಾದುದನ್ನು ಅಲ್ಲಿಯೇ ಹೊರತುಪಡಿಸುತ್ತದೆ. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಆರೋಗ್ಯವು ಅಂಗಿ, ನಿಷೇಧವು ಅಂಗ. ಅಂಗಿಯನ್ನು ಕೆಡಿಸಿ ಅಂಗವನ್ನು ಅನುಷ್ಠಿಸುವುದು ಯಜ್ಞಶಾಲೆಯಲ್ಲಿಯೂ ಸಲ್ಲದು, ರಾಜ್ಯದಲ್ಲಿಯೂ ಸಲ್ಲದು.

ಮುಂಬಯಿ ಪ್ರಾಂತದಲ್ಲಿದ್ದ ಕನ್ನಡ ಜಿಲ್ಲೆಗಳು ಪಾನನಿರೋಧದ ಕಾಲವನ್ನು ಕಂಡವು. ನಮ್ಮ ಕಲಬುರಗಿ ಸೀಮೆಯು ನಿಜಾಮರ ಅಬಕಾರಿಯಲ್ಲಿ ಬೆಳೆದುದು. ಇಲ್ಲಿ ನಿಷೇಧವು ಬಹಳ ತಡವಾಗಿ ಬಂತು. 2004ರಲ್ಲಿ ಕರಾವಳಿಯನ್ನು ಬಿಟ್ಟು ಉಳಿದ ಕರ್ನಾಟಕದಲ್ಲಿ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸೇಡಂ, ಚಿಂಚೋಳಿಗಳ ಮೂಡಣ ಮಗ್ಗುಲಿಗೇ ತೆಲಂಗಾಣ. ಆಚೆ ಸೇಂದಿಗೆ ಪರವಾನಿಗೆ ಉಂಟು, ಈಚೆ ಇಲ್ಲ. ಈಚಲುಮರಕ್ಕೆ ಮಾತ್ರ ಗಡಿ ತಿಳಿಯದು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲುದಾರಿಯು 1874ರಿಂದ ಈ ಜನರನ್ನು ಒಂದುಗೂಡಿಸಿದೆ. ಆದುದರಿಂದ ಕುಡಿಯುವವನು ಆಚೆ ಹೋದನು, ಇಲ್ಲವೆ ಮಾರುವವನು ಈಚೆ ಬಂದನು.

ಹೀಗೆ ಬಂದುದು ಮರದ ರಸವೇ ಆಗಿದ್ದರೆ ಚಿಂತೆ ಅಷ್ಟಿರುತ್ತಿರಲಿಲ್ಲ. ಗಡಿಭಾಗದಲ್ಲಿ ಸಿ.ಎಚ್. ಪುಡಿಯೆಂಬ ಹೆಸರನ್ನು ಕೇಳದವರು ವಿರಳ. ಇದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕ ಔಷಧ. ನೀರಿಗೆ ಇದನ್ನೂ ಸಕ್ಕರೆಯನ್ನೂ ಬೆರೆಸಿ ಸೇಂದಿಯೆಂದು ಮಾರುವರು. ಇದಕ್ಕೆ ಒಗ್ಗಿದ ದೇಹವು ಥಟ್ಟನೆ ಇದನ್ನು ಕಳೆದುಕೊಂಡರೆ ನಡುಗುತ್ತದೆ, ಬಡಬಡಿಸುತ್ತದೆ, ಸೆಳವಿಗೆ ಬೀಳುತ್ತದೆ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಅಧಿಕಾರಿಗಳು ಕಲಬೆರಕೆ ಸೇಂದಿಯನ್ನು ಬಿಗಿಯಾಗಿ ತಡೆದಾಗ ನಿಜಾಮಾಬಾದ್, ಮಹಬೂಬನಗರ ಜಿಲ್ಲೆಗಳ ಆಸ್ಪತ್ರೆಗಳು ಇಂಥವರಿಂದ ತುಂಬಿದವು. ವಿಷವನ್ನು ತಡೆದುದು ಯುಕ್ತವೇ. ಆದರೆ ತಡೆಯುವ ಮುನ್ನಾ ದಿನ ಆಸ್ಪತ್ರೆಯನ್ನು ಸಿದ್ಧಗೊಳಿಸಬೇಕೆಂಬ ಯೋಚನೆ ಏಕೆ ಬರಲಿಲ್ಲ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಅಭ್ಯಾಸದಿಂದ ಮೈಗೂಡಿದ ಅಹಿತವನ್ನು ಬಿಡುವವನು ಕಾಲುಭಾಗ ಕಾಲುಭಾಗವಾಗಿ, ನಡುನಡುವೆ ದಿನಗಳ ಅಂತರವಿಟ್ಟು ಬಿಡತಕ್ಕುದೆಂದು ವಿಧಿಯಿದೆ. ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕೆಂದೇ ಒಂದು ಅಧ್ಯಾಯವಿದೆ. ಆಚಾರ್ಯನು ಮದ್ಯದ ದೋಷಗಳನ್ನು ಮುಚ್ಚಿಡಲಿಲ್ಲ. ಆದರೆ ರೋಗಿಯನ್ನು ವೈದ್ಯನ ಕೈಗೆ ಒಪ್ಪಿಸಿದನು, ತಳವಾರನ ಕೈಗಲ್ಲ.

ಸಾರಾಯಿಯ ಕಥೆ ಇದಕ್ಕಿಂತ ಘೋರ. ನಿಷೇಧವಾಗಿ ಒಂದು ವರ್ಷ ತುಂಬುವುದರೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯ ಕಡೆ ಕಳ್ಳಸಾರಾಯಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಇದೆಲ್ಲವೂ ನಿಷೇಧದ ಫಲವೆಂದು ಹೇಳಿಬಿಟ್ಟರೆ ಅನ್ಯಾಯವಾದೀತು. ಸಾರಾಯಿ ಅಂಗಡಿಗಳು ರಾಜಾರೋಷವಾಗಿ ತೆರೆದಿದ್ದ 1981ರಲ್ಲಿಯೂ ಬೆಂಗಳೂರಿನಲ್ಲಿ ವಿಷಮದ್ಯದಿಂದ ಸುಮಾರು 300 ಜನ ಮಡಿದರು. ಬಡವನಿಗೆ ಅಗ್ಗದ ವಿಷವನ್ನು ಮಾರುವವನು ಎಲ್ಲ ಕಾಲದಲ್ಲಿಯೂ ಇರುವನು. ಕೌಟಿಲ್ಯನು ಸುರಾಧ್ಯಕ್ಷ ಪ್ರಕರಣದಲ್ಲಿ, ಕೆಟ್ಟುಹೋದ ಸುರೆಯನ್ನು ದಾಸರಿಗೂ ಕೂಲಿಯವರಿಗೂ ವೇತನವಾಗಿ ಕೊಡಬಹುದು, ಇಲ್ಲವೆ ಹಂದಿಗಳಿಗೆ ಹಾಕಬಹುದು ಎನ್ನುತ್ತಾನೆ. ಪಾಠಶಾಲೆಯಲ್ಲಿ ಅದನ್ನು ಓದಿದಾಗ ನಕ್ಕಿದ್ದೆ. ಈಗ ನಗು ಬಾರದು.

ಈ ವಿಷದ ಹೆಸರು ಮೆಥನಾಲು. ಸ್ವತಃ ಅದು ಅಷ್ಟು ಕ್ರೂರವಲ್ಲ. ಯಕೃತ್ತು ಅದನ್ನು ಮಾರ್ಪಡಿಸಿದಾಗ ಹುಟ್ಟುವ ಫಾರ್ಮಿಕ್ ಆಮ್ಲವು ಕಣ್ಣಿನ ನರವನ್ನು ಸುಟ್ಟು ಕೊಲ್ಲುತ್ತದೆ. ಈ ಮಾರ್ಪಾಡಿಗೆ ಕೆಲವು ಗಂಟೆಗಳು ಬೇಕು. ಆ ಗಂಟೆಗಳಲ್ಲಿ ರೋಗಿಯು ವೈದ್ಯನ ಬಳಿಗೆ ಬಂದರೆ ಉಳಿಸಲು ಸಾಧ್ಯ. ಅದಕ್ಕಿರುವ ಪ್ರತಿವಿಷಗಳಲ್ಲಿ ಶುದ್ಧ ಮದ್ಯಸಾರವೂ ಒಂದೆಂಬುದು ವಿಚಿತ್ರವಾದರೂ ಸತ್ಯ. ಕುಡಿದುದೇ ಅಪರಾಧವಾದ ನಾಡಿನಲ್ಲಿ ಆ ಗಂಟೆಗಳು ಮುಚ್ಚಿಡುವುದರಲ್ಲಿ ಕಳೆಯುತ್ತವೆ. ಬಿಹಾರವು 2016ರಲ್ಲಿ ಪೂರ್ಣ ನಿಷೇಧವನ್ನು ತಂದಿತು. 2022ರ ಡಿಸೆಂಬರಿನಲ್ಲಿ ಅಲ್ಲಿಯ ಸಾರನ್ ಜಿಲ್ಲೆಯಲ್ಲಿ ವಿಷಮದ್ಯದಿಂದ ಹತ್ತಾರು ಜನ ಸತ್ತಾಗ ಸತ್ತವರ ಮನೆಯವರಿಗೆ ಪರಿಹಾರವಿಲ್ಲವೆಂದು ಸರಕಾರ ಹೇಳಿತು. 2023ರ ಏಪ್ರಿಲಿನಲ್ಲಿ ಮನಸ್ಸು ಬದಲಿಸಿ 4 ಲಕ್ಷ ರೂಪಾಯಿ ಕೊಡಲು ಒಪ್ಪಿತು. ಆ ನಾಲ್ಕು ತಿಂಗಳಲ್ಲಿ ಬದಲಾದುದು ಶಾಸ್ತ್ರವೋ, ಕರುಣೆಯೋ, ರಾಜಕಾರಣವೋ, ನಾನರಿಯೆ.

ಪೂರ್ವಪಕ್ಷವು ದುರ್ಬಲವಾದುದೆಂದು ಯಾರೂ ತಿಳಿಯಬಾರದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದುನಿಂತುದರಿಂದಲೇ ಆಂಧ್ರದಲ್ಲಿ 1993ರಲ್ಲಿ ಸಾರಾಯಿ ನಿಂತಿತು. ಚಿಂಚೋಳಿಯ ತಾಂಡಾಗಳಲ್ಲಿ, ಶಹಾಬಾದಿನ ಫರ್ಸಿ ಗಣಿಗಳ ಕೇರಿಗಳಲ್ಲಿ, ವಾರದ ಕೂಲಿಯು ಮನೆಯನ್ನು ಮುಟ್ಟದೆ ಕರಗುವುದನ್ನು ಕಂಡ ತಾಯಿಗೆ ಚರಕನ ಕಾಲುಭಾಗದ ಲೆಕ್ಕವನ್ನು ಹೇಳಲು ನನಗೆ ನಾಲಗೆ ಬಾರದು. ಅಂಗಡಿ ಮುಚ್ಚಲಿ ಎಂಬ ಅವಳ ಮಾತು ನ್ಯಾಯವಾದುದು.

ಹಾಗೆ ಹೇಳಿದ ಒಬ್ಬ ತಾಯಿಯ ಸಂಗತಿಯನ್ನು ಬರೆಯದೆ ಈ ಲೇಖನವನ್ನು ಮುಗಿಸಲಾರೆ. ಅವಳ ಮಗ ನನ್ನ ವಿದ್ಯಾರ್ಥಿ. ಗಂಡ ಚಿತ್ತಾಪುರ ತಾಲೂಕಿನಲ್ಲಿ ಫರ್ಸಿ ಒಡೆಯುವವನು, ಗಡಿಯಾಚೆಯ ಸೇಂದಿಗೆ ಒಗ್ಗಿದವನು. ಊರಿನ ಅಂಗಡಿ ಮುಚ್ಚಿಸಬೇಕೆಂಬ ಅರ್ಜಿಯನ್ನು ಅವಳ ಬಾಯಿಂದ ಕೇಳಿ ಬರೆದುಕೊಟ್ಟವನು ನಾನೇ. 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ಭಯದಿಂದ ದೇಶವೇ ಮುಚ್ಚಿತು; ಗಡಿಗೆ ಬೇಲಿ ಬಿತ್ತು. ಮದ್ಯದಂಗಡಿಗಳು ಮೇ 4ರವರೆಗೆ ತೆರೆಯಲಿಲ್ಲ. ಅದು ಪಾನನಿಷೇಧವಲ್ಲ ನಿಜ, ಆದರೆ ದೇಹಕ್ಕೆ ಆ ಭೇದ ತಿಳಿಯದು. ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಹುಳು ಹರಿಯುತ್ತಿವೆಯೆಂದು ಕೂಗಿಕೊಂಡನು. ಮನೆಯವರು ಗಾಳಿ ಸೋಕಿತೆಂದು ತಿಳಿದರು. ಬೆಳಗಾಗುತ್ತಲೇ ಮಗನು ಓಡಿಬಂದು, ದವಾಖಾನೆಯಲ್ಲಿ ಏನು ಹೇಳಲೆಂದು ನನ್ನನ್ನು ಕೇಳಿದನು. ಕುಡಿತದ ಮಾತೆತ್ತಬೇಡ, ಎಲ್ಲಿಂದ ತಂದಿರೆಂದು ಪೊಲೀಸರು ಕೇಳಿಯಾರು, ಜ್ವರವೆಂದು ಹೇಳು ಎಂದೆನು. ಮೂವತ್ತು ವರ್ಷ ಸತ್ಯವನ್ನೇ ನುಡಿಯಬೇಕೆಂದು ಬೋಧಿಸಿದ ಬಾಯಿಂದ ಆ ಮಾತು ಬಂತು.

ಜ್ವರವೆಂದೇ ಹೇಳಿದರು. ಆ ದಿನಗಳಲ್ಲಿ ಜ್ವರವೆಂದರೆ ಒಂದೇ ಜ್ವರ. ಅವನನ್ನು ಬೇರೆ ಕೋಣೆಯಲ್ಲಿಟ್ಟು ಗಂಟಲಿನ ಪರೀಕ್ಷೆಯ ಫಲಕ್ಕಾಗಿ ಕಾದರು. ಎರಡನೆಯ ದಿನ ಸೆಳವು ಬಂದು ತೀರಿಕೊಂಡನು. ಇಂಥ ಸೆಳವಿಗೆ ಸುಲಭವಾದ ಔಷಧ ಇದೆಯೆಂದೂ, ಕುಡಿಯುವವನೆಂದು ತಿಳಿದಿದ್ದರೆ ಮೊದಲ ತಾಸಿನಲ್ಲಿಯೇ ಕೊಡುತ್ತಿದ್ದೆವೆಂದೂ ಬಹುಕಾಲದ ಮೇಲೆ ಒಬ್ಬ ವೈದ್ಯರಿಂದ ತಿಳಿದೆನು. ಹೆದರಿಸಿದುದು ಯಾವ ಪೊಲೀಸನೂ ಅಲ್ಲ, ಕಾನೂನಿನ ನೆರಳು. ಆ ನೆರಳನ್ನು ಅವರ ಮನೆಗೆ ಹೊತ್ತೊಯ್ದವನು ನಾನು. ಹೊಣೆಯ ಪಾಲನ್ನು ರಾಜ್ಯಕ್ಕೂ ನನಗೂ ಹೇಗೆ ಹಂಚಬೇಕೆಂಬುದನ್ನು ಯಾವ ಸ್ಮೃತಿಯಲ್ಲಿಯೂ ಕಾಣೆ. ಇಷ್ಟು ಮಾತ್ರ ಕೇಳಬಲ್ಲೆ: ಮಾರುವವನನ್ನು ಹಿಡಿಯಿರಿ, ಆದರೆ ಏನು ಕುಡಿದೆನೆಂದು ವೈದ್ಯನಿಗೆ ಹೇಳಿದವನ ಮಾತು ಠಾಣೆಗೆ ಹೋಗದೆಂದು ಸರಕಾರವು ಡಂಗುರ ಹೊಯ್ಸಲಿ, ಅಂಗಡಿ ಮುಚ್ಚುವ ಊರಿಗೆ ಮೊದಲು ಔಷಧವನ್ನು ಕಳುಹಿಸಲಿ.

ಕಳೆದ ಶ್ರಾವಣದಲ್ಲಿ ಆ ತಾಯಿ ಸಂತೆಯಲ್ಲಿ ಸಿಕ್ಕಿದಳು. ಅಂಗಡಿಯ ಅರ್ಜಿ ಏನಾಯಿತೆಂದು ಕೇಳಿದಳು. ಆಮೇಲೆ, ಚೀಲವನ್ನು ಕೆಳಗಿಟ್ಟು, "ಮಾಸ್ತರ್ರೀ, ಅವತ್ತು ಖರೇ ಹೇಳಿದ್ರ ಅವರು ಉಳೀತಿದ್ರೇನ್ರೀ?" ಎಂದಳು. ವೈದ್ಯರು ಹೇಳಿದುದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.