ಪ್ರಾಣ ಯಾರದು?

“ನನ್ನ ಪ್ರಾಣ ನನ್ನದು. ಅದನ್ನು ನಾನು ಪಣಕ್ಕೊಡ್ಡಿದರೆ ನಿಮಗೇನು ನಷ್ಟ?” ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಕಳ್ಳತನ ಏಕೆ ತಪ್ಪು ಎಂದರೆ ಹೇಳಬಹುದು, ಸುಳ್ಳು ಏಕೆ ತಪ್ಪು ಎಂದರೂ ಹೇಳಬಹುದು. ಅಲ್ಲಿ ಇನ್ನೊಬ್ಬರ ಸ್ವತ್ತು ಹೋಗುತ್ತದೆ, ಇನ್ನೊಬ್ಬರ ನಂಬಿಕೆ ಕೆಡುತ್ತದೆ. ಆದರೆ ಕಡಿದಾದ ಬಂಡೆಯನ್ನು ಹತ್ತುವವನು, ತುಂಬಿದ ಹೊಳೆಯನ್ನು ಈಜುವವನು ಯಾರಿಗೆ ಅನ್ಯಾಯ ಮಾಡಿದ? ಹಿಂದಿನವರು ಇಂಥ ಪ್ರಶ್ನೆ ಎದುರಾದಾಗ “ಹಣೆಬರಹ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಈಗಿನವರು “ನನ್ನ ಇಷ್ಟ” ಎಂದು ಅಷ್ಟೇ ಚುಟುಕಾಗಿ ಮುಗಿಸುತ್ತಾರೆ. ಮೇಲೆ ನೋಡಿದರೆ ಇವೆರಡೂ ಬದ್ಧವೈರಿಗಳು. ಒಳಗೆ ನೋಡಿದರೆ ಅಣ್ಣತಮ್ಮಂದಿರು. ಎರಡಕ್ಕೂ ಮುಂಜಾಗ್ರತೆಯ ಗೊಡವೆ ಬೇಡ.

ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೆ ಬಂದದ್ದು ನನ್ನ ಅಕ್ಕನ ಮಗನ ಮೂಲಕ. ಅವನಿಗೆ 24 ವರ್ಷ. ಸ್ವಂತ ಸಂಬಳ, ಸ್ವಂತ ಮೋಟಾರ್ ಸೈಕಲ್ಲು. ಅದನ್ನು ಓಟದ ಪಥದ ಮೇಲೆ ಓಡಿಸಬೇಕೆಂದು ಅವನ ಹಂಬಲ. ಇದಕ್ಕೆ “ಟ್ರ್ಯಾಕ್ ಡೇ” ಎನ್ನುತ್ತಾರೆ. ಇದು ಪಂದ್ಯವಲ್ಲ, ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವೂ ಇಲ್ಲ. ಲೈಸೆನ್ಸ್ ಇರುವ ಸಾಮಾನ್ಯರು ಹಣ ಕಟ್ಟಿ, ತಮ್ಮದೇ ವಾಹನವನ್ನು, ಎದುರಿನಿಂದ ಯಾರೂ ಬಾರದ ಪಥದಲ್ಲಿ ಮನಸಾರೆ ಓಡಿಸುವ ಒಂದು ದಿನದ ಏರ್ಪಾಡು. ಅಕ್ಕ ನನ್ನನ್ನು ಕರೆಸಿ, “ನೀನು ಮೇಷ್ಟ್ರು, ಊರಿನ ಮಕ್ಕಳಿಗೆಲ್ಲ ಬುದ್ಧಿ ಹೇಳುತ್ತೀಯ. ಇವನಿಗೂ ಒಂದು ಮಾತು ಹೇಳಬಾರದೇನೋ?” ಎಂದಳು. ಅವನು ನಕ್ಕು, “ಮಾಮ, ಒಂದು ಸಲ ಜೊತೆಗೆ ಬಂದು ನೋಡಿ. ಆಮೇಲೆ ಬೈಯುವುದಿದ್ದರೆ ಬೈಯಿರಿ” ಎಂದ. ನೋಡದೆ ಬೈಯುವುದು ಅಧ್ಯಾಪಕರಿಗೆ ಅಭ್ಯಾಸವಿಲ್ಲದ ವಿದ್ಯೆಯೇನಲ್ಲ, ಆದರೂ ಹೊರಟೆ.

ಹೊರಡುವ ಮುಂಚೆ ಒಂದು ವಾರ ಅವನು ಮಾಡಿದ ಸಿದ್ಧತೆಯನ್ನು ಕಂಡು ಬೆರಗಾದೆ. ನಮ್ಮಲ್ಲಿ ವಾಹನಕ್ಕೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಸ್ನಾನ, ಗಂಧ, ಚಕ್ರದ ಕೆಳಗೊಂದು ನಿಂಬೆಹಣ್ಣು. ಇವನದು ಬೇರೆಯೇ ಪೂಜೆ. ಟೈರುಗಳಲ್ಲಿ ಬಿರುಕಿದೆಯೇ, ಬ್ರೇಕಿನ ಪ್ಯಾಡುಗಳು ಸವೆದಿವೆಯೇ, ಚೈನು ಸಡಿಲವೇ ಬಿಗಿಯೇ ಎಂದು ಒಂದೊಂದಾಗಿ ಪರೀಕ್ಷೆ. ಬ್ರೇಕಿನ ಎಣ್ಣೆಯನ್ನು ಪೂರ್ತಿ ಬದಲಾಯಿಸಿದ. ಕಾರಣ ಕೇಳಿದೆ. ಆ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆಯಂತೆ. ಡಾಟ್ 4 ಎಂಬ ಬಗೆಯ ಹೊಸ ಎಣ್ಣೆ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದೆಂದು ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತಾಗದು. ಪಥದ ಮೇಲೆ ತಿರುವು ತಿರುವಿಗೂ ಬ್ರೇಕು ಕಾದು, ಎಣ್ಣೆ ಕುದ್ದು ಗುಳ್ಳೆಯೆದ್ದರೆ, ಹಿಡಿದ ಬ್ರೇಕು ಕೈಯಲ್ಲಿ ಮೆತ್ತಗಾಗಿಬಿಡುತ್ತದೆ.

ಇಲ್ಲಿಯವರೆಗೆ ಎಲ್ಲವೂ ತನ್ನ ಪ್ರಾಣದ ಕಾಳಜಿಯೇ. ಆಮೇಲೆ ಮಾಡಿದ ಕೆಲಸಗಳು ನನ್ನನ್ನು ಯೋಚನೆಗೆ ಹಚ್ಚಿದವು. ದೀಪಗಳ ಗಾಜಿನ ಮೇಲೆಲ್ಲ ಅಂಟುಪಟ್ಟಿ ಮೆತ್ತಿದ. ಕನ್ನಡಿಗಳನ್ನು ಬಿಚ್ಚಿಟ್ಟ. ಎಂಜಿನ್ನಿನ ಎಣ್ಣೆ ಬಸಿಯುವ ತಿರುಪು ಸಡಿಲವಾಗದಂತೆ ತಂತಿ ಬಿಗಿದ. ರೇಡಿಯೇಟರಿನ ಕೂಲೆಂಟನ್ನು ಚೆಲ್ಲಿ ಬರಿಯ ನೀರು ತುಂಬಿದ. “ಇದೇಕೋ?” ಎಂದರೆ, “ಇದು ನನಗೋಸ್ಕರ ಅಲ್ಲ ಮಾಮ. ನಾನು ಬಿದ್ದರೆ ಗಾಜು ಚೂರಾಗಿ ಹರಡಬಾರದು. ಕೂಲೆಂಟು ಚೆಲ್ಲಿದರೆ ಎಣ್ಣೆಯ ಹಾಗೆ ಜಾರುತ್ತದೆ, ನೀರಾದರೆ ಬೇಗ ಆರುತ್ತದೆ. ಹಿಂದೆ ಬರುವವನು ಬೀಳಬಾರದಲ್ಲ” ಎಂದ. ತಾನು ಬೀಳುವ ಗಳಿಗೆಯಲ್ಲೂ ಹಿಂದೆ ಬರುವ ಅಪರಿಚಿತನನ್ನು ನೆನೆಯಬೇಕೆಂಬ ಈ ನಿಯಮವನ್ನು ನಾನು ಯಾವ ನೀತಿಶಾಸ್ತ್ರದ ತರಗತಿಯಲ್ಲಿ ಕೇಳಿದ್ದರೂ ಮೆಚ್ಚುತ್ತಿದ್ದೆ.

ನಾವು ಹೋದದ್ದು ಚೆನ್ನೈಗೆ ಹೋಗುವ ದಾರಿಯಲ್ಲಿ, ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಎಂಬಲ್ಲಿರುವ ಪಥಕ್ಕೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1990ರಲ್ಲಿ ತೆರೆದದ್ದು. ಸುತ್ತಳತೆ ಸುಮಾರು 3.7 ಕಿಲೋಮೀಟರು. ಅದಕ್ಕೆ ಮೊದಲು ಆ ಸೀಮೆಯ ಓಟಗಳು ಷೋಲಾವರಂನ ಹಳೆಯ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದವು. ಬೆಳಗ್ಗೆಯೇ ತಪಾಸಣೆ. ತಲೆ, ಗಲ್ಲ ಎಲ್ಲವನ್ನೂ ಮುಚ್ಚುವ ಹೆಲ್ಮೆಟ್ಟು, ಅದರ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದರು. ಚರ್ಮದ ಉಡುಪು, ಬೆನ್ನಿಗೆ ಕವಚ, ಕೈಗವಸು, ಹರಡು ಮುಚ್ಚುವ ಬೂಟು, ಇವುಗಳಲ್ಲಿ ಒಂದು ಕಡಮೆಯಾದರೂ ಒಳಗೆ ಬಿಡುವುದಿಲ್ಲ.

ಅನಂತರ ಒಂದು ಮುಚ್ಚಳಿಕೆಗೆ ಸಹಿ. ನಾನೂ ಓದಿದೆ. “ನನ್ನ ಸ್ವಂತ ಹೊಣೆಯ ಮೇಲೆ ಬಂದಿದ್ದೇನೆ, ಏನಾದರೂ ಆದರೆ ಬೇರೆ ಯಾರೂ ಜವಾಬ್ದಾರರಲ್ಲ” ಎಂಬುದು ಅದರ ಸಾರಾಂಶ. “ನನ್ನ ಪ್ರಾಣ ನನ್ನದು” ಎಂಬ ಮಾತೇ ಕಾನೂನಿನ ಉಡುಪು ತೊಟ್ಟು ಬಂದಂತಿತ್ತು. ಆದರೆ ಅದೇ ಹಾಳೆಯ ಕೆಳಭಾಗದಲ್ಲಿ ಇನ್ನೆರಡು ಗೆರೆಗಳಿದ್ದವು: ರಕ್ತದ ಗುಂಪು ಯಾವುದು? ತುರ್ತಿನಲ್ಲಿ ಯಾರಿಗೆ ತಿಳಿಸಬೇಕು? ಹುಡುಗ ಒಂದು ಗಳಿಗೆ ಪೆನ್ನು ಹಿಡಿದು ನಿಂತ. ಆಮೇಲೆ ತನ್ನ ತಾಯಿಯ ಹೆಸರು ಬರೆದ.

ಮೇಲಿನ ಗೆರೆ ಹೇಳುವುದನ್ನು ಕೆಳಗಿನ ಗೆರೆ ಅಲ್ಲಗಳೆಯುತ್ತದೆ. ಪ್ರಾಣ ಪೂರ್ತಿ ನನ್ನದೇ ಆಗಿದ್ದರೆ ಯಾರಿಗೆ ತಿಳಿಸಬೇಕೆಂಬ ಪ್ರಶ್ನೆ ಏಳುವುದೇ ಇಲ್ಲ. ರಕ್ತದ ಗುಂಪನ್ನು ಕೇಳುವುದೆಂದರೆ ಯಾರೋ ಅಪರಿಚಿತನ ರಕ್ತ ನನಗೆ ಬೇಕಾದೀತು ಎಂದರ್ಥ. ತಿರುವಿನಲ್ಲಿ ಬಾವುಟ ಹಿಡಿದು ಬಿಸಿಲಲ್ಲಿ ನಿಂತ ಮಾರ್ಷಲ್, ನಾನು ಬಿದ್ದರೆ ಉಳಿದ ವಾಹನಗಳು ಹಾಯುತ್ತಿರುವಾಗಲೇ ನನ್ನ ಕಡೆಗೆ ಓಡಿಬರಬೇಕಾದವನು. ಕಾನೂನಿನಲ್ಲಿ ಹೊಣೆಯನ್ನು ಒಬ್ಬನ ತಲೆಗೆ ಕಟ್ಟಬಹುದು. ಪೆಟ್ಟನ್ನು ಹಾಗೆ ಒಬ್ಬನಿಗೇ ಕಟ್ಟಲಾಗದು. ಅದು ಹಂಚಿಹೋಗಿಯೇ ತೀರುತ್ತದೆ.

ಆ ದಿನದ ನಿಯಮಗಳನ್ನು ಈ ಬೆಳಕಿನಲ್ಲಿ ನೋಡಿದಾಗ ಅವು ಬೇಲಿಗಳ ಹಾಗೆ ಕಾಣಲಿಲ್ಲ. ಅಪರಿಚಿತರ ನಡುವಿನ ಒಪ್ಪಂದದ ಹಾಗೆ ಕಂಡವು. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ. ವೇಗ ತಗ್ಗಿಸಬೇಕು, ಯಾರನ್ನೂ ಹಿಂದೆ ಹಾಕಬಾರದು. ಕೆಂಪು ಬಾವುಟಕ್ಕೆ ಎಲ್ಲರೂ ನಿಧಾನವಾಗಿ ಮರಳಬೇಕು. ಹಳದಿಯ ಮೇಲೆ ಕೆಂಪು ಪಟ್ಟೆಯಿದ್ದರೆ ನೆಲ ಜಾರುತ್ತದೆ. ಕಪ್ಪು ಬಾವುಟ ತೋರಿಸಿದರೆ ವಾದಿಸದೆ ಒಳಗೆ ಬರಬೇಕು. ಪಥದಿಂದ ಹೊರಬರುವವನು ಮೊದಲೇ ಕೈಯೆತ್ತಿ ಸೂಚಿಸಬೇಕು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಹಿಂದೆ ಹಾಕುವ ನಿಯಮ. ಹೊಸಬರು, ಪಳಗಿದವರು ಎಂದು ಗುಂಪು ಮಾಡಿ ಬೇರೆಬೇರೆಯಾಗಿ ಬಿಡುತ್ತಾರೆ. ಮುಂದಿರುವವನು ಹಿಂತಿರುಗಿ ನೋಡಬೇಕಾಗಿಲ್ಲ, ಹೆದರಿ ಪಕ್ಕಕ್ಕೆ ಸರಿಯಲೂ ಬಾರದು. ತನ್ನ ಹಾದಿಯಲ್ಲಿ ತಾನು ಹೋದರೆ ಸಾಕು. ಅವನನ್ನು ದಾಟುವಾಗ ಅವನಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆಯೆಲ್ಲ ವೇಗವಾಗಿ ಬರುವವನದು. ಯಾರಿಗೆ ಶಕ್ತಿ ಹೆಚ್ಚೋ ಅವನಿಗೆ ಹೊಣೆಯೂ ಹೆಚ್ಚು! ನಮ್ಮ ಬೀದಿಗಳ ಧರ್ಮ ಇದಕ್ಕೆ ನೇರ ವಿರುದ್ಧವಾದದ್ದು. ಇಲ್ಲಿ ಲಾರಿಗೆ ಕಾರು ಹೆದರಬೇಕು, ಕಾರಿಗೆ ಸ್ಕೂಟರು ಹೆದರಬೇಕು, ಎಲ್ಲಕ್ಕೂ ಪಾದಚಾರಿ ಹೆದರಬೇಕು. ದೊಡ್ಡವನು ಹಾರನ್ ಒತ್ತಿದರೆ ಚಿಕ್ಕವನು ಹಾರಿಕೊಳ್ಳಬೇಕು. ವೇಗಕ್ಕೆಂದೇ ಕಟ್ಟಿದ ಜಾಗದಲ್ಲಿ ದುರ್ಬಲನಿಗೆ ಸಿಗುವ ರಕ್ಷಣೆ, ಶಾಲೆಯ ಮಕ್ಕಳು ನಡೆದಾಡುವ ಬೀದಿಯಲ್ಲಿ ಸಿಗುವುದಿಲ್ಲವೆಂಬುದು ವಿಚಿತ್ರವಲ್ಲವೆ?

ಇಷ್ಟೊಂದು ಎಚ್ಚರಿಕೆ ಹೇಡಿಗಳ ಲಕ್ಷಣ ಎನ್ನುವವರು ಹಿಂದೆಯೂ ಇದ್ದರು. 1966ರ ಜೂನ್ 12ರಂದು ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಮಳೆ ಸುರಿದು, ಸ್ಕಾಟ್ಲೆಂಡಿನ ಜ್ಯಾಕಿ ಸ್ಟೂವರ್ಟ್ ಎಂಬ ಚಾಲಕನ ಕಾರು ಮೊದಲನೆಯ ಸುತ್ತಿನಲ್ಲೇ ಪಥ ಬಿಟ್ಟು ಹೋಯಿತು. ಸ್ಟಿಯರಿಂಗ್ ಚಕ್ರದ ಹಿಂದೆ ಸಿಕ್ಕಿಕೊಂಡ ಅವನ ಮೈಮೇಲೆ ಪೆಟ್ರೋಲು ಸುರಿಯುತ್ತಿತ್ತು. ಒಂದು ಕಿಡಿ ಸಾಕಾಗಿತ್ತು. ಬಿಡಿಸಲು ಅಲ್ಲಿ ಪಥದವರು ಯಾರೂ ಇರಲಿಲ್ಲ, ಉಪಕರಣವೂ ಇರಲಿಲ್ಲ. ಅಲ್ಲಿಯೇ ಜಾರಿ ನಿಂತಿದ್ದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್ ಎಂಬ ಸಹಸ್ಪರ್ಧಿಗಳು ನೋಡಲು ಬಂದವರೊಬ್ಬರ ಸ್ಪ್ಯಾನರನ್ನು ಎರವಲು ಪಡೆದು ಅವನನ್ನು ಹೊರಗೆಳೆದರು. ಅಂದಿನಿಂದ ಅವನು ತನ್ನ ಕಾರಿನಲ್ಲಿ ಒಂದು ಸ್ಪ್ಯಾನರು ಅಂಟಿಸಿಕೊಂಡು ಓಡತೊಡಗಿದ; ತಡೆಗೋಡೆ, ವೈದ್ಯರು, ಬೆಲ್ಟು ಬೇಕೆಂದು ಹಟ ಹಿಡಿದ. ಓಟದ ಸೊಗಸನ್ನೇ ಕೆಡಿಸುತ್ತಿದ್ದಾನೆಂದು ಹಲವರು ಅವನನ್ನು ಜರೆದರು. ಜರೆಸಿಕೊಂಡವನು 1969, 1971, 1973 ಹೀಗೆ ಮೂರು ಬಾರಿ ಜಗತ್ತಿನ ಅಗ್ರಸ್ಥಾನ ಪಡೆದ. ಹೇಡಿ ಎನ್ನುವುದಕ್ಕೆ ಆಮೇಲೆ ಯಾರಿಗೂ ನಾಲಗೆ ಏಳುವಂತಿರಲಿಲ್ಲ. ಕನ್ನಡದಲ್ಲಿ ನಮಗೆ ಧೈರ್ಯವೆಂಬ ಮಾತೂ ಇದೆ, ಭಂಡಧೈರ್ಯವೆಂಬ ಮಾತೂ ಇದೆ. ಅಪಾಯವನ್ನು ಅಳೆದು ನೋಡಿದ ಮೇಲೂ ನಿಲ್ಲುವುದು ಮೊದಲನೆಯದು. ಅಳೆಯಲು ಒಪ್ಪದಿರುವುದು ಎರಡನೆಯದು.

ಹಾಗೆಂದು ನಿಯಮವೊಂದು ರಕ್ಷಾಕವಚವೆಂದು ಭ್ರಮಿಸಬಾರದು. 2023ರ ಆಗಸ್ಟ್ ತಿಂಗಳಲ್ಲಿ ಇದೇ ಇರುಂಗಾಟ್ಟುಕೋಟ್ಟೈ ಪಥದ ಪಂದ್ಯವೊಂದರಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಅದೇ ವರ್ಷದ ಜನವರಿಯಲ್ಲಿ ಅನುಭವಿ ಕಾರು ಚಾಲಕರೊಬ್ಬರು ಅಲ್ಲಿಯೇ ಪ್ರಾಣ ಬಿಟ್ಟಿದ್ದರು. ಕವಚ ತೊಟ್ಟವನೂ ಸಾಯಬಹುದು. ಹಾಗಾದರೆ ಹೋಗಲೇಬೇಡ ಎನ್ನುವುದೇ ಸರಿಯಲ್ಲವೇ? ಪ್ರಾಣ ಇತರರಿಗೂ ಸೇರಿದ್ದೆಂದು ಒಪ್ಪಿದ ಮೇಲೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ನನ್ನ ಉತ್ತರ ಇಷ್ಟು. ತಾಯಂದಿರ ಭಯಕ್ಕೆಲ್ಲ ತಲೆಬಾಗಿದ್ದರೆ ಯಾವ ಬೆಸ್ತನೂ ಕಡಲಿಗಿಳಿಯುತ್ತಿರಲಿಲ್ಲ, ಯಾರೂ ಹಿಮಾಲಯ ಹತ್ತುತ್ತಿರಲಿಲ್ಲ. ನಮ್ಮವರಿಗೆ ನಾವು ಸಲ್ಲಿಸಬೇಕಾದ ಋಣ ಮನೆಯಲ್ಲೇ ಕೂಡುವುದಲ್ಲ. ಕೆಲಸಕ್ಕೆ ಅಂಟಿಕೊಂಡೇ ಬಂದ ಅಪಾಯ ಬೇರೆ, ನಮ್ಮ ಉದಾಸೀನದಿಂದ ಅದಕ್ಕೆ ನಾವು ಕೂಡಿಸುವ ಅಪಾಯ ಬೇರೆ. ಮೊದಲನೆಯದನ್ನು ವಯಸ್ಸಿಗೆ ಬಂದವನು ತಿಳಿದು ಒಪ್ಪಿಕೊಳ್ಳಬಹುದು. ಎರಡನೆಯದನ್ನು ಒಪ್ಪಿಕೊಳ್ಳುವ ಹಕ್ಕು ಅವನಿಗಿಲ್ಲ. ಅದರ ಬೆಲೆ ತೆರುವವರು ಬೇರೆಯವರು. ಹಳೆಯ ಎಣ್ಣೆಯ ಬ್ರೇಕಿಗೆ, ಸಡಿಲ ಬಿಟ್ಟ ಹೆಲ್ಮೆಟ್ಟಿನ ಪಟ್ಟಿಗೆ ಯಾವ ಮುಚ್ಚಳಿಕೆಯೂ ಕ್ಷಮೆಯಲ್ಲ.

ಇನ್ನೊಂದು ಮಾತೂ ಉಂಟು. ಹರೆಯದ ಹುಡುಗನಿಗೆ ವೇಗದ ಹಸಿವು ಇದ್ದೇ ಇರುತ್ತದೆ. ಪಥ ಬೇಡವೆಂದರೆ ಅವನು ಅದನ್ನು ಬೀದಿಯಲ್ಲಿ ತೀರಿಸಿಕೊಳ್ಳುತ್ತಾನೆ. ಪಥದಲ್ಲಿ ಎಲ್ಲರೂ ತಿಳಿದು ಸಹಿ ಹಾಕಿ ಬಂದವರು. ಬೀದಿಯಲ್ಲಿ ಹಾಲು ತರುವವನು, ದೇವಸ್ಥಾನಕ್ಕೆ ಹೊರಟ ಮುದುಕಿ, ಚೆಂಡಿನ ಹಿಂದೆ ಓಡುವ ಮಗು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಅವರ ಪ್ರಾಣವನ್ನು ತನ್ನ ಸಂತೋಷಕ್ಕೆ ಪಣವಾಗಿಡಲು ಯಾವನಿಗೂ ಅಧಿಕಾರವಿಲ್ಲ.

ಅಕ್ಕನಿಗೂ ನಾನು ಇದನ್ನೇ ಹೇಳಿದೆ. ಅಪಾಯವಿಲ್ಲವೆಂದು ಸುಳ್ಳು ಹೇಳಲಿಲ್ಲ. ಅವಳ ಭಯ ಹೋಗಿದೆಯೆಂದೂ ನನಗೆ ಅನ್ನಿಸುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಪ್ರಾಣ ಯಾರದು ಎಂಬ ಪ್ರಶ್ನೆಗೆ ಪಂಡಿತರು ಏನೇ ಹೇಳಲಿ, ಅದು ನಮ್ಮ ಕೈಯಲ್ಲಿರುವ ಒಂದು ಅಡಕು, ಇತರರು ನಂಬಿ ಇಟ್ಟದ್ದು. ಅಡವಿಟ್ಟ ಒಡವೆಯನ್ನು ಮುಟ್ಟಲೇಬಾರದೆಂದಿಲ್ಲ. ಮುಟ್ಟುವವನು ಕೈ ತೊಳೆದು, ಎರಡು ಕೈಯಲ್ಲೂ ಹಿಡಿಯಬೇಕು.